ಬಿಸಿಯೇರಿದ ಮೇಲೆ ಮಂಕಾಗುವ ಪುಟ್ಟ ವಾಲ್ವ್ ಆಂಪ್: ದೋಷ ಪತ್ತೆ ಹಚ್ಚಿದ ಬಗೆ

ಅಕ್ಕನ ಮಗ ಗಿಟಾರ್ ಅಭ್ಯಾಸಕ್ಕೆಂದು ಕೊಂಡುಕೊಂಡಿದ್ದ ಒಂದು ಪುಟ್ಟ ವಾಲ್ವ್ ಆಂಪ್ಲಿಫೈಯರ್, ಅಂದರೆ ಗಾಜಿನ ನಿರ್ವಾತ ಕೊಳವೆಗಳಿಂದ ದನಿ ಹಿಗ್ಗಿಸುವ ಪೆಟ್ಟಿಗೆ, ಕಳೆದ ಮಳೆಗಾಲದಲ್ಲಿ ನನ್ನ ಮೇಜಿಗೆ ಬಂತು. ಅವನ ದೂರು ಸ್ಪಷ್ಟವಾಗಿತ್ತು: “ಮಾಮ, ಹಾಕಿದ ತಕ್ಷಣ ತುಂಬ ಚೆನ್ನಾಗಿ ನುಡಿಯುತ್ತೆ. ಕಾಲು ಗಂಟೆ ಆದ ಮೇಲೆ ದನಿ ಮಂಕಾಗುತ್ತೆ, ಗುಂಯ್ ಅನ್ನೋದು ಜಾಸ್ತಿ ಆಗುತ್ತೆ. ಆರಿಸಿ ಒಂದು ಗಂಟೆ ಬಿಟ್ಟು ಹಾಕಿದರೆ ಮತ್ತೆ ಸರಿ.” ದೋಷದ ಅರ್ಧ ಗುರುತು ಈ ಮಾತಿನಲ್ಲೇ ಇತ್ತು. ಆದರೂ ಅದನ್ನು ಸರಿಯಾಗಿ ಓದಿಕೊಳ್ಳಲು ನನಗೆ ನಾಲ್ಕು ದಿನ ಹಿಡಿಯಿತು. ಹಾಗಾಗಿ ಹುಡುಕಾಟದ ಕ್ರಮವನ್ನು, ನಾನು ದಾರಿ ತಪ್ಪಿದ ಎರಡು ಕಡೆಗಳನ್ನೂ ಬಿಡದೆ, ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಬಗೆಯ ಸರ್ಕ್ಯೂಟ್ ಇರುವ ಆಂಪ್ ಯಾರ ಬಳಿ ಇದ್ದರೂ ಇದು ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆ ನನ್ನದು.

ಒಳಗೆ ಏನಿದೆ

ಈ ಆಂಪ್ ಯಾರೋ ಕೈಯಿಂದ ಜೋಡಿಸಿದ್ದು. ಅವರು ಅನುಸರಿಸಿದ ಸರ್ಕ್ಯೂಟ್ ಫೆಂಡರ್ ಚಾಂಪ್ ಆಂಪಿನ 5ಎಫ್1 ಎಂಬ ನಕ್ಷೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1950ರ ದಶಕದ ಉತ್ತರಾರ್ಧದಲ್ಲಿ ಕಲಿಯುವವರಿಗೆಂದು ತಯಾರಾಗುತ್ತಿದ್ದ, ಒಂದೇ ತಿರುಗುಗುಂಡಿಯ, 8 ಇಂಚು ಸ್ಪೀಕರಿನ ಪೆಟ್ಟಿಗೆ ಅದು. ಗಿಟಾರ್ ಆಂಪುಗಳಲ್ಲಿ ಇದಕ್ಕಿಂತ ಸರಳವಾದದ್ದು ಸಿಗುವುದು ಕಷ್ಟ. ಇರುವುದು ಮೂರೇ ವಾಲ್ವ್: ಗಿಟಾರಿನ ಸಣ್ಣ ಸಂಕೇತವನ್ನು ಎರಡು ಹಂತಗಳಲ್ಲಿ ಹಿಗ್ಗಿಸುವ 12ಎಎಕ್ಸ್7, ಅಂದರೆ ಯುರೋಪಿನ ಹೆಸರಿನಲ್ಲಿ ಇಸಿಸಿ83, ಸ್ಪೀಕರನ್ನು ನುಡಿಸುವ 6ವಿ6, ಮತ್ತು ಟ್ರಾನ್ಸ್‌ಫಾರ್ಮರಿನಿಂದ ಬರುವ ಎ.ಸಿ.ಯನ್ನು ಡಿ.ಸಿ. ಮಾಡುವ 5ವೈ3.

ಸಂಕೇತದ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ನಡೆದು ನೋಡಿದರೆ ಮುಂದಿನದೆಲ್ಲ ಸುಲಭವಾಗುತ್ತದೆ. ಗಿಟಾರಿನಿಂದ ಬಂದ ಸಂಕೇತ 12ಎಎಕ್ಸ್7ರ ಮೊದಲ ಅರ್ಧದ ಗ್ರಿಡ್ಡಿಗೆ ಹೋಗುತ್ತದೆ. ವಾಲ್ವಿನೊಳಗೆ ಕ್ಯಾಥೋಡಿನಿಂದ ಪ್ಲೇಟಿಗೆ ಹರಿಯುವ ಎಲೆಕ್ಟ್ರಾನುಗಳನ್ನು ನಡುವೆ ಕುಳಿತು ಹಿಡಿತದಲ್ಲಿಡುವ ಜಾಲರಿಯೇ ಗ್ರಿಡ್. ಅದರ ಪ್ಲೇಟಿನಿಂದ ಒಂದು 0.02 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ವಾಲ್ಯೂಮ್ ಗುಂಡಿಗೆ, ಅಲ್ಲಿಂದ ಅದೇ ವಾಲ್ವಿನ ಎರಡನೆಯ ಅರ್ಧಕ್ಕೆ, ಅದರ ಪ್ಲೇಟಿನಿಂದ ಮತ್ತೊಂದು 0.02 ಕೆಪಾಸಿಟರ್ ಮೂಲಕ 6ವಿ6ರ ಗ್ರಿಡ್ಡಿಗೆ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ದಾಟಿ ಸ್ಪೀಕರಿಗೆ ತಲುಪುತ್ತದೆ. ದಾರಿಯಲ್ಲಿರುವ ಆ ಎರಡು ಕೆಪಾಸಿಟರುಗಳನ್ನು ಕಪ್ಲಿಂಗ್ ಕೆಪಾಸಿಟರ್ ಎನ್ನುತ್ತಾರೆ. ಅವುಗಳ ಕೆಲಸ ಕಾವಲುಗಾರನದು: ಗಿಟಾರಿನ ದನಿಯನ್ನು ಒಳಗೆ ಬಿಡಬೇಕು, ಹಿಂದಿನ ಪ್ಲೇಟಿನ ಮೇಲಿರುವ 150–170 ವೋಲ್ಟ್ ಡಿ.ಸಿ.ಯನ್ನು ಮಾತ್ರ ಬಾಗಿಲಲ್ಲೇ ತಡೆಯಬೇಕು.

ವಾಲ್ವ್ ರೇಡಿಯೊ ರಿಪೇರಿ ಮಾಡಿದ ಯಾರಿಗೂ ಈ ನಕ್ಷೆ ಹೊಸದಲ್ಲ. ನಮ್ಮ ಮನೆಗಳಲ್ಲಿದ್ದ ಹಳೆಯ ರೇಡಿಯೊಗಳ ಧ್ವನಿ ವಿಭಾಗವೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ ರೇಡಿಯೊ ವಾಲ್ವುಗಳೇ ತಯಾರಾಗುತ್ತಿದ್ದ ಕಾಲವೊಂದಿತ್ತು, ಅವುಗಳನ್ನು ಬದಲಿಸಿ, ಅಳೆದು, ಬದುಕು ಕಟ್ಟಿಕೊಂಡ ಮೆಕ್ಯಾನಿಕ್‌ಗಳು ಪ್ರತಿ ಊರಿನಲ್ಲೂ ಇದ್ದರು. ಅಂಥವರೊಬ್ಬರ ಒಂದು ಮಾತೇ ಕೊನೆಗೆ ನನ್ನನ್ನು ಸರಿದಾರಿಗೆ ತಂದದ್ದು. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಮುಚ್ಚಳ ತೆರೆಯುವ ಮೊದಲು

ಈ ಪುಟ್ಟ ಪೆಟ್ಟಿಗೆಯೊಳಗೆ ಜೀವ ತೆಗೆಯಬಲ್ಲ ವಿದ್ಯುತ್ ಇದೆ. ಕೆಲಸ ಮಾಡುವಾಗ 340 ವೋಲ್ಟಿನ ಆಸುಪಾಸು, ಔಟ್‌ಪುಟ್ ವಾಲ್ವ್ ಇಲ್ಲದಿದ್ದರೆ 450ರ ಹತ್ತಿರದವರೆಗೆ ಡಿ.ಸಿ. ಇರುತ್ತದೆ. ಪ್ಲಗ್ ಕಿತ್ತ ಮೇಲೂ ಡಿ.ಸಿ.ಯ ಏರಿಳಿತವನ್ನು ಸಮಮಾಡುವ ಫಿಲ್ಟರ್ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಆದುದರಿಂದ ಪ್ರತಿ ಸಲ ಕೈಹಾಕುವ ಮೊದಲು ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರಗೆ ತೆಗೆದು, 10 ಕಿಲೊಓಮ್, 5 ವ್ಯಾಟಿನ ರೆಸಿಸ್ಟರನ್ನು ಕ್ಲಿಪ್ ವೈರುಗಳ ಮೂಲಕ ಮೊದಲ ಫಿಲ್ಟರ್ ಕೆಪಾಸಿಟರಿನ ಧನ ತುದಿಗೂ ಚಾಸಿಗೂ (ಎಲ್ಲವನ್ನೂ ಕೂರಿಸಿರುವ ಲೋಹದ ಚೌಕಟ್ಟಿಗೂ) ನಡುವೆ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಮೀಟರಿನಲ್ಲಿ ಅಳೆದು, 5 ವೋಲ್ಟಿಗಿಂತ ಕೆಳಗಿಳಿದದ್ದನ್ನು ಕಣ್ಣಾರೆ ನೋಡಬೇಕು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ಅಭ್ಯಾಸ ಕೆಪಾಸಿಟರಿಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ. ಅಳೆಯುವಾಗ ಮೀಟರಿನ ಕಪ್ಪು ವೈರನ್ನು ಚಾಸಿಗೆ ಕ್ಲಿಪ್ ಮಾಡಿಟ್ಟು, ಕೆಂಪು ವೈರನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಬಲ್ಲವರು ಜೊತೆಯಲ್ಲಿಲ್ಲದೆ ಮೊದಲ ಬಾರಿ ಯಾರೂ ಇದನ್ನು ಮಾಡಬಾರದು. ಇದು ಬಾಯಿಮಾತಿನ ಎಚ್ಚರಿಕೆಯಲ್ಲ.

ಪ್ಲಗ್ಗಿನ ಅರ್ತ್ ಪಿನ್ನಿಗೂ ಚಾಸಿಗೂ ಸಂಪರ್ಕವಿದೆಯೇ ಎಂದು ಓಮ್ ಮೀಟರಿನಲ್ಲಿ ಮೊದಲೇ ನೋಡಿಕೊಳ್ಳಬೇಕು. ಗಿಟಾರಿನ ತಂತಿಗಳು ಚಾಸಿಗೆ ಸೇರಿರುತ್ತವೆ. ಅರ್ತ್ ಇಲ್ಲದ ಆಂಪಿನಲ್ಲಿ ದೋಷವಾದರೆ ವಿದ್ಯುತ್ ನೇರವಾಗಿ ನುಡಿಸುವವರ ಬೆರಳಿಗೆ ಬರುತ್ತದೆ. ಇನ್ನೊಂದು ನಿಯಮ: ಸ್ಪೀಕರ್ ತೆಗೆದಿಟ್ಟು ವಾಲ್ವ್ ಆಂಪನ್ನು ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವ ಅಪಾಯವಿದೆ. ಅಪರಿಚಿತ ಆಂಪನ್ನು ಮೊದಲ ಸಲ ಹಾಕುವಾಗ ನಮ್ಮ ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬೋರ್ಡ್ ತುಂಬ ಉಪಕಾರಿ. 60 ವ್ಯಾಟಿನ ಹಳೆಯ ಬಗೆಯ ತಂತಿ ಬಲ್ಬ್ ಸರಣಿಯಲ್ಲಿದ್ದರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬ್ ಪೂರ್ತಿ ಉರಿದು ಆಂಪನ್ನು ಉಳಿಸುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಬೆಳಗಿ ಮಂದವಾಗುತ್ತದೆ. ಎಲ್ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

ಅಮೆರಿಕದಿಂದ ತಂದ ಮೂಲ ಆಂಪಾದರೆ ಅದು 117 ವೋಲ್ಟಿನದು, ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 60 ಹರ್ಟ್ಸ್‌ಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು. ನನ್ನ ಮುಂದಿದ್ದದ್ದಕ್ಕೆ 230 ವೋಲ್ಟಿನದೇ ಹಾಕಿದ್ದರು.

ಸದ್ದನ್ನು ಕೇಳುವುದು

ಮೀಟರಿಗಿಂತ ಮೊದಲು ಕಿವಿ. ಆಂಪಿನ ಹಮ್, ಅಂದರೆ ಆ ಗುಂಯ್ ಸದ್ದು, ಎರಡು ಬಗೆಯದು, ಅವುಗಳನ್ನು ಬೇರ್ಪಡಿಸಲು ಕೈಯಲ್ಲಿರುವ ಗಿಟಾರೇ ಸಾಕು. 5ವೈ3 ಎ.ಸಿ.ಯ ಎರಡೂ ಅರ್ಧಗಳನ್ನು ಬಳಸುವುದರಿಂದ ಡಿ.ಸಿ.ಯ ಮೇಲೆ ಉಳಿಯುವ ಏರಿಳಿತ ಸೆಕೆಂಡಿಗೆ 100 ಸಲ ಆಗುತ್ತದೆ. ಗಿಟಾರಿನ ದಪ್ಪ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಬರುವ ‘ಜಿ’ ಸ್ವರ 98 ಹರ್ಟ್ಸ್. ಹಮ್ ಅದಕ್ಕೆ ಹೊಂದಿದರೆ ಅದು ಫಿಲ್ಟರಿನ ಕಡೆಯಿಂದ ಬರುತ್ತಿದೆ. ಒಂದು ಸ್ಥಾಯಿ ಕೆಳಗಿದ್ದರೆ ಅದು 50 ಹರ್ಟ್ಸ್, ಅಂದರೆ ವಾಲ್ವುಗಳನ್ನು ಬಿಸಿ ಮಾಡುವ 6.3 ವೋಲ್ಟ್ ಎ.ಸಿ. ಅಥವಾ ಸರಿಯಿಲ್ಲದ ಅರ್ತ್ ಜೋಡಣೆಯ ಕಡೆಯಿಂದ. ಅಮೆರಿಕದ ಕೈಪಿಡಿಗಳಲ್ಲಿ ಇದೇ ವಿಷಯ 60 ಮತ್ತು 120 ಎಂದಿರುತ್ತದೆ. ಅದನ್ನು ಹಾಗೆಯೇ ಎತ್ತಿಕೊಂಡರೆ ಇಲ್ಲಿ ಸ್ವರ ಹೊಂದುವುದಿಲ್ಲ.

ಒಂದೇ ಔಟ್‌ಪುಟ್ ವಾಲ್ವಿನ ಆಂಪಿನಲ್ಲಿ ಸ್ವಲ್ಪ ಹಮ್ ಸಹಜ. ಎರಡು ವಾಲ್ವುಗಳು ಎದುರುಬದುರಾಗಿ ಕೆಲಸ ಮಾಡುವ ದೊಡ್ಡ ಆಂಪುಗಳಲ್ಲಿ ಈ ಏರಿಳಿತ ಟ್ರಾನ್ಸ್‌ಫಾರ್ಮರಿನಲ್ಲಿ ಬಹುಪಾಲು ಪರಸ್ಪರ ರದ್ದಾಗುತ್ತದೆ, ಇಲ್ಲಿ ಆ ಅನುಕೂಲವಿಲ್ಲ. ಹಾಗಾಗಿ ನೋಡಬೇಕಾದದ್ದು ಹಮ್ ಇದೆಯೇ ಎಂಬುದನ್ನಲ್ಲ. ಮೊದಲಿಗಿಂತ ಹೆಚ್ಚಾಗಿದೆಯೇ ಎಂಬುದನ್ನು.

ನಮ್ಮ ಆಂಪ್ ಹಾಕಿದಾಗ ಹಮ್ ಕಡಿಮೆಯಿತ್ತು. ಇಪ್ಪತ್ತು ನಿಮಿಷದ ಹೊತ್ತಿಗೆ ಅದು ಕೋಣೆಯ ಬಾಗಿಲಿನವರೆಗೆ ಕೇಳಿಸುವಷ್ಟಾಯಿತು, ಸ್ವರ ಆ ‘ಜಿ’ಗೆ ಸರಿಯಾಗಿ ಹೊಂದುತ್ತಿತ್ತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಬದಲಾಗಲಿಲ್ಲ. ಅಂದರೆ ಮೊದಲ ಹಂತಕ್ಕೂ ಗಿಟಾರಿಗೂ ಇದರಲ್ಲಿ ಪಾತ್ರವಿಲ್ಲ. ಇಲ್ಲಿಯವರೆಗೆ ತರ್ಕ ಸರಿಯಿತ್ತು.

ತಪ್ಪಿದ ಎರಡು ದಾರಿ

ಮೊದಲು ಅನುಮಾನಪಟ್ಟದ್ದು 6ವಿ6ನ್ನು. ಕೋಣೆಯ ದೀಪ ಆರಿಸಿ ಹಿಂದಿನಿಂದ ನೋಡಿದಾಗ, ಇಪ್ಪತ್ತೈದನೆಯ ನಿಮಿಷದಲ್ಲಿ ಅದರ ಬೂದುಬಣ್ಣದ ಪ್ಲೇಟಿನ ಒಂದು ಮಗ್ಗುಲಲ್ಲಿ ಬೆರಳಿನುಗುರಿನಷ್ಟು ಜಾಗ ಕೆಂಡದ ಬೂದಿಯೊಳಗಿನ ಕೆಂಪಿನಂತೆ ಮಂಕಾಗಿ ಬೆಳಗುತ್ತಿತ್ತು. ವಾಲ್ವಿನ ನಡುವೆ ಕಾಣುವ ಹೀಟರಿನ ಕಿತ್ತಳೆ ಬೆಳಕು ಸಹಜ. ಪ್ಲೇಟಿನ ಲೋಹವೇ ಕೆಂಪಾಗುವುದು ಸಹಜವಲ್ಲ, ಅದು ತಾಳಬಲ್ಲದ್ದಕ್ಕಿಂತ ಹೆಚ್ಚು ಶಾಖ ಅಲ್ಲಿ ಹುಟ್ಟುತ್ತಿದೆ ಎಂದರ್ಥ. ಅದು ಕಂಡೊಡನೆ ಆಂಪನ್ನು ಆರಿಸಿದೆ, ಎಲ್ಲರೂ ಹಾಗೆಯೇ ಮಾಡಬೇಕು. ವಾಲ್ವ್ ಹಳೆಯದಾಗಿದೆ ಎಂದು ತೀರ್ಮಾನಿಸಿ ಹೊಸದನ್ನು ತರಿಸಿ ಹಾಕಿದೆ. ಇಪ್ಪತ್ತೈದು ನಿಮಿಷಕ್ಕೆ ಹೊಸದೂ ಕೆಂಪಾಯಿತು. ಹೋದದ್ದು ಹಣ, ಸಿಕ್ಕದ್ದು ಒಂದು ಖಚಿತ ವಿಷಯ: ದೋಷ ವಾಲ್ವಿನೊಳಗಿಲ್ಲ, ವಾಲ್ವಿನ ಸುತ್ತ ಇದೆ.

ಎರಡನೆಯ ಅನುಮಾನ ಫಿಲ್ಟರ್ ಕೆಪಾಸಿಟರುಗಳ ಮೇಲೆ, ಏಕೆಂದರೆ ಹಮ್ 100 ಹರ್ಟ್ಸ್‌ನದಾಗಿತ್ತು. ನಕ್ಷೆಯಲ್ಲಿ ಅವು 16, 8 ಮತ್ತು 8 ಮೈಕ್ರೊಫ್ಯಾರಡ್, 450 ವೋಲ್ಟಿನವು. ಆಂಪ್ ಆರಿಸಿ, ಚಾರ್ಜ್ ಇಳಿಸಿ, ಮೊದಲನೆಯದರ ಜೊತೆಗೆ ಒಳ್ಳೆಯದೊಂದನ್ನು ಸಮಾಂತರವಾಗಿ ಕ್ಲಿಪ್ ಮಾಡಿ ಮತ್ತೆ ಹಾಕಿದಾಗ ಹಮ್ ಕೊಂಚ ಇಳಿಯಿತು, ನಾನು ಗೆದ್ದೆನೆಂದುಕೊಂಡೆ. ಆದರೆ ಪ್ಲೇಟ್ ಕೆಂಪಾಗುವುದು ನಿಲ್ಲಲಿಲ್ಲ. ಯಾವ ಆಂಪಿನಲ್ಲಾದರೂ ಫಿಲ್ಟರ್ ಹೆಚ್ಚಿಸಿದರೆ ಹಮ್ ಇಳಿದೇ ಇಳಿಯುತ್ತದೆ. ಅದರಿಂದ ಮೊದಲಿದ್ದ ಫಿಲ್ಟರ್ ಕೆಟ್ಟಿತ್ತೆಂದು ಸಿದ್ಧವಾಗುವುದಿಲ್ಲ. ಅಂದಹಾಗೆ, ಹಮ್ ಇಳಿಯಲೆಂದು 16 ಇದ್ದಲ್ಲಿ 100 ಮೈಕ್ರೊಫ್ಯಾರಡ್ ಕೂರಿಸುವವರಿದ್ದಾರೆ. 5ವೈ3ಗೆ ಅಷ್ಟು ದೊಡ್ಡ ಕೆಪಾಸಿಟರನ್ನು ತುಂಬಿಸುವ ಶಕ್ತಿಯಿಲ್ಲ, ಅದರ ಆಯುಸ್ಸು ಮೊಟಕಾಗುತ್ತದೆ.

ಇಷ್ಟಾದ ಮೇಲೆ ಚಾಸಿಯನ್ನು ಪೆಟ್ಟಿಗೆಯಿಂದ ಹೊರತೆಗೆದು ಮೇಜಿನ ಮೇಲೆ ಮಗುಚಿ ಹಾಕಿ, ಒಂದೊಂದೇ ಬಿಂದುವನ್ನು ಅಳೆಯತೊಡಗಿದೆ. ಎಲ್ಲವೂ ಸರಿ ಇದ್ದವು. ಮೊದಲ ಫಿಲ್ಟರಿನಲ್ಲಿ 338 ವೋಲ್ಟ್. 6ವಿ6ರ 3ನೆಯ ಪಿನ್ನಿನಲ್ಲಿ, ಅಂದರೆ ಪ್ಲೇಟಿನಲ್ಲಿ, 322. 8ನೆಯ ಪಿನ್ನಿನಲ್ಲಿ, ಅಂದರೆ ಕ್ಯಾಥೋಡಿನಲ್ಲಿ, 19.5, 5ನೆಯ ಪಿನ್ನಿನಲ್ಲಿ, ಅಂದರೆ ಗ್ರಿಡ್ಡಿನಲ್ಲಿ, ಸೊನ್ನೆಗೆ ಹತ್ತಿರ. ಒಂದು ಗಂಟೆ ಬಿಟ್ಟರೂ ಅಷ್ಟೇ. ಪೆಟ್ಟಿಗೆಯಲ್ಲಿದ್ದಾಗ ಕೆಡುವ ಆಂಪ್ ಮೇಜಿನ ಮೇಲೆ ಆರೋಗ್ಯವಾಗಿತ್ತು.

ನಮ್ಮ ಬಡಾವಣೆಯಲ್ಲಿ ಹಿಂದೆ ರೇಡಿಯೊ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರಿದ್ದಾರೆ, ಅಂಗಡಿ ಮುಚ್ಚಿ ವರ್ಷಗಳಾದವು. ಅವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ತಣ್ಣಗಿರೋವಾಗ ಅಳೆದರೆ ಅದು ಏನು ಹೇಳುತ್ತೆ ಸ್ವಾಮಿ? ಪೆಟ್ಟಿಗೆಯೊಳಗೇ ಇಟ್ಟು ವೈರ್ ಹೊರಗೆ ತನ್ನಿ.” ಸ್ವಲ್ಪ ತಡೆದು, “ಕಂಡೆನ್ಸರ್ ಲೀಕ್ ಇರಬೇಕು, ನೋಡಿ” ಎಂದರು. ಕೆಪಾಸಿಟರಿಗೆ ಅವರು ಈಗಲೂ ಕಂಡೆನ್ಸರ್ ಎಂದೇ ಹೇಳುವುದು.

ಪೆಟ್ಟಿಗೆಯೊಳಗಿನ ಅಳತೆ

ಚಾಂಪ್ ಬಗೆಯ ಆಂಪಿನಲ್ಲಿ ಚಾಸಿ ಪೆಟ್ಟಿಗೆಯ ಮೇಲ್ಭಾಗಕ್ಕೆ ಬಿಗಿದಿರುತ್ತದೆ, ವಾಲ್ವುಗಳು ತಲೆಕೆಳಗಾಗಿ ನೇತಾಡುತ್ತವೆ. ಮೂರು ವಾಲ್ವುಗಳ ಬಿಸಿಗಾಳಿ ಮೇಲೇರಿ ಚಾಸಿಗೆ ಬಡಿಯುತ್ತದೆ, ಆ ಚಾಸಿಯ ಇನ್ನೊಂದು ಮಗ್ಗುಲಲ್ಲೇ ಕೆಪಾಸಿಟರುಗಳ ಪಟ್ಟಿ ಇರುತ್ತದೆ. ಮೇಜಿನ ಮೇಲೆ ತೆರೆದಿಟ್ಟಾಗ ಈ ಶಾಖವೆಲ್ಲ ಕೋಣೆಗೆ ಹೋಗಿಬಿಡುತ್ತದೆ. ನಾನು ದೋಷವನ್ನು ಹುಡುಕುತ್ತಿದ್ದದ್ದು ಅದು ಇಲ್ಲದ ಜಾಗದಲ್ಲಿ.

ಚಾರ್ಜ್ ಇಳಿಸಿ, 6ವಿ6ರ 5 ಮತ್ತು 8ನೆಯ ಪಿನ್ನುಗಳಿಗೆ ದಪ್ಪ ಇನ್ಸುಲೇಶನ್ನಿನ ತಂತಿಗಳನ್ನು ಬೆಸುಗೆ ಹಾಕಿ, ಹಿಂದಿನ ಹಲಗೆಯ ಸಂದಿನಿಂದ ಹೊರಗೆ ತಂದು, ಎರಡು ಮಲ್ಟಿಮೀಟರುಗಳಿಗೆ ಸೇರಿಸಿದೆ. 6ವಿ6 ಕೂರುವ ಎಂಟು ಪಿನ್ನಿನ ಆಕ್ಟಲ್ ಸಾಕೆಟ್ಟಿನ ಪಿನ್ನುಗಳನ್ನು ಕೆಳಗಿನಿಂದ, ಅಂದರೆ ಬೆಸುಗೆಯ ಕಡೆಯಿಂದ ನೋಡಿ, ನಡುವಿನ ರಂಧ್ರದ ಕಚ್ಚಿನಿಂದ ಶುರುಮಾಡಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಬೇಕು. ಆಂಪನ್ನು ಮೊದಲಿನಂತೆಯೇ ಮುಚ್ಚಿ, ಹಾಕಿ, ಗಡಿಯಾರ ನೋಡುತ್ತಾ ಕುಳಿತೆ. ಐದನೆಯ ನಿಮಿಷದಲ್ಲಿ ಕ್ಯಾಥೋಡ್ 19.6, ಗ್ರಿಡ್ 0.3. ಹತ್ತನೆಯದರಲ್ಲಿ ಗ್ರಿಡ್ ಒಂದೂವರೆ ವೋಲ್ಟ್ ದಾಟಿತು. ಹದಿನೈದರಲ್ಲಿ ಗ್ರಿಡ್ 4.5, ಕ್ಯಾಥೋಡ್ 22.4. ಆಮೇಲೆ ಎರಡೂ ಅಂಕಿಗಳು ಕಣ್ಣೆದುರೇ ಏರುತ್ತಾ ಹೋಗಿ, ಇಪ್ಪತ್ತೈದನೆಯ ನಿಮಿಷಕ್ಕೆ ಗ್ರಿಡ್ 14, ಕ್ಯಾಥೋಡ್ 28.5 ತಲುಪಿದವು. ಹಮ್ ಕೂಡ ಅವುಗಳ ಜೊತೆಗೇ ಏರುತ್ತಿತ್ತು.

ಈ ಅಂಕಿಗಳ ಅರ್ಥವೇನು? 6ವಿ6ರ ಗ್ರಿಡ್ 220 ಕಿಲೊಓಮ್ ರೆಸಿಸ್ಟರಿನ ಮೂಲಕ ಚಾಸಿಗೆ ಸೇರಿದೆ. ಆ ರೆಸಿಸ್ಟರಿನಲ್ಲಿ ವಿದ್ಯುತ್ ಹರಿಯದಿದ್ದರೆ ಗ್ರಿಡ್ ಸೊನ್ನೆಯಲ್ಲಿರಬೇಕು. ಕ್ಯಾಥೋಡ್ ಮಾತ್ರ 470 ಓಮ್ ರೆಸಿಸ್ಟರಿನ ಮೇಲೆ ಕುಳಿತು ಸುಮಾರು 19 ವೋಲ್ಟ್ ಎತ್ತರದಲ್ಲಿರುತ್ತದೆ, ಈ ಅಂತರವೇ ವಾಲ್ವನ್ನು ಹಿಡಿತದಲ್ಲಿಡುವ ಬಯಾಸ್. ಗ್ರಿಡ್ ಧನದ ಕಡೆಗೆ ಏರಿದರೆ ಹಿಡಿತ ಸಡಿಲವಾಗಿ ವಾಲ್ವ್ ಹೆಚ್ಚು ವಿದ್ಯುತ್ ಎಳೆಯುತ್ತದೆ. ಎಷ್ಟು ಎಳೆಯುತ್ತಿದೆ ಎಂಬುದನ್ನು ಕ್ಯಾಥೋಡ್ ರೆಸಿಸ್ಟರೇ ಹೇಳುತ್ತದೆ. ಅದನ್ನು ಆರಿಸಿದ್ದಾಗ ಅಳೆದಿಟ್ಟುಕೊಂಡಿದ್ದೆ: 474 ಓಮ್. 19.5ನ್ನು 474ರಿಂದ ಭಾಗಿಸಿದರೆ 41 ಮಿಲಿಆಂಪಿಯರ್, 28.5ನ್ನು ಭಾಗಿಸಿದರೆ 60.

ಇದರಲ್ಲಿ ಸ್ಕ್ರೀನ್ ಗ್ರಿಡ್ಡಿನ, ಅಂದರೆ ವಾಲ್ವಿನ ಎರಡನೆಯ ಜಾಲರಿಯ, ಪಾಲೆಂದು 3ರಿಂದ 5 ಮಿಲಿಆಂಪಿಯರ್ ಕಳೆದು, ಉಳಿದದ್ದನ್ನು ಪ್ಲೇಟಿಗೂ ಕ್ಯಾಥೋಡಿಗೂ ನಡುವಿನ ವೋಲ್ಟೇಜಿನಿಂದ ಗುಣಿಸಿದರೆ ಪ್ಲೇಟಿನಲ್ಲಿ ಹುಟ್ಟುವ ಶಾಖ ಸಿಗುತ್ತದೆ. ಆರೋಗ್ಯವಾಗಿದ್ದಾಗ 38 ಮಿಲಿಆಂಪಿಯರ್, 302 ವೋಲ್ಟ್: ಹನ್ನೊಂದೂವರೆ ವ್ಯಾಟ್. ಕೆಟ್ಟಾಗ ಪ್ಲೇಟ್ 308 ವೋಲ್ಟಿಗೆ ಇಳಿದಿತ್ತು, ಆದರೂ 55 ಮಿಲಿಆಂಪಿಯರಿನ ಲೆಕ್ಕದಲ್ಲಿ ಹದಿನೈದು ವ್ಯಾಟ್ ದಾಟುತ್ತದೆ. 6ವಿ6ಕ್ಕೆ ಹಳೆಯ ಡೇಟಾ ಶೀಟುಗಳು ಕೊಡುವ ಮಿತಿ 12 ವ್ಯಾಟ್, ನಂತರದ ಲೆಕ್ಕಾಚಾರದ ಪದ್ಧತಿಯಲ್ಲಿ 14. ಪ್ಲೇಟ್ ಕೆಂಪಾದದ್ದು ಇದರಿಂದ. ದನಿ ಮಂಕಾದದ್ದು ಬಯಾಸ್ ತನ್ನ ಜಾಗ ಬಿಟ್ಟು ಸರಿದದ್ದರಿಂದ. ಹಮ್ ಏರಿದ ಕಾರಣವೂ ಇಲ್ಲೇ ಇದೆ: ಎಳೆಯುವ ವಿದ್ಯುತ್ ಒಂದೂವರೆ ಪಟ್ಟಾದಾಗ, ಅದೇ 16 ಮೈಕ್ರೊಫ್ಯಾರಡ್ ಕೆಪಾಸಿಟರಿನ ಮೇಲಿನ ಏರಿಳಿತವೂ ಸುಮಾರು ಅಷ್ಟೇ ಹೆಚ್ಚುತ್ತದೆ. ಫಿಲ್ಟರ್ ಕೆಟ್ಟಿರಲಿಲ್ಲ, ಅದರ ಮೇಲಿನ ಹೊರೆ ಹೆಚ್ಚಿತ್ತು.

ಗ್ರಿಡ್ಡಿಗೆ ಧನ ವೋಲ್ಟೇಜ್ ಎಲ್ಲಿಂದ ಬಂತು

ಎರಡು ಕಡೆಯಿಂದ ಬರಬಹುದು. ಒಂದು, ವಾಲ್ವಿನೊಳಗೆ ಅನಿಲ ಸೇರಿ ಅಥವಾ ಗ್ರಿಡ್ ಅತಿಯಾಗಿ ಬಿಸಿಯಾಗಿ, ವಾಲ್ವೇ ಗ್ರಿಡ್ಡನ್ನು ಧನದ ಕಡೆಗೆ ತಳ್ಳಬಹುದು. ಇನ್ನೊಂದು, ಕಪ್ಲಿಂಗ್ ಕೆಪಾಸಿಟರ್ ತನ್ನ ಕಾವಲು ಬಿಟ್ಟು ಹಿಂದಿನ ಪ್ಲೇಟಿನ ಡಿ.ಸಿ.ಯನ್ನು ಸೋರಿಬಿಡುತ್ತಿರಬಹುದು. ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆ ಒಂದೇ ನಿಮಿಷದ್ದು, ಈ ಬರಹದಲ್ಲಿ ಯಾವುದನ್ನಾದರೂ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ ಎನ್ನುತ್ತೇನೆ. ಆಂಪ್ ಚೆನ್ನಾಗಿ ಬಿಸಿಯಾಗಿ ಗ್ರಿಡ್ ಏರಿದ ಮೇಲೆ ಅದನ್ನು ಆರಿಸಿ, ಬಟ್ಟೆ ಹಿಡಿದು 6ವಿ6ನ್ನು ಕಿತ್ತು, ತಣಿಯಲು ಬಿಡದೆ ವಾಲ್ವ್ ಇಲ್ಲದೆಯೇ ಆಂಪನ್ನು ಮತ್ತೆ ಹಾಕಿ, 5ನೆಯ ಪಿನ್ನಿನ ಮೀಟರನ್ನು ನೋಡಬೇಕು. ವಾಲ್ವ್ ಇಲ್ಲದಿರುವಾಗ ಅಂಕಿ ಸೊನ್ನೆಗಿಳಿದರೆ ತಪ್ಪು ವಾಲ್ವಿನದು. ಹಾಗೆಯೇ ಉಳಿದರೆ ಕೆಪಾಸಿಟರಿನದು. ನನ್ನ ಮೀಟರ್ 17 ವೋಲ್ಟ್ ತೋರಿಸಿತು, ಮೊದಲಿಗಿಂತಲೂ ಹೆಚ್ಚು. ಹೊರೆ ಇಲ್ಲದೆ ಒಳಗಿನ ವೋಲ್ಟೇಜೆಲ್ಲ ಏರಿದ್ದರಿಂದ ಹಾಗಾದದ್ದು. ಅದೇ ಕಾರಣಕ್ಕೆ ಈ ಪರೀಕ್ಷೆಯನ್ನು ಅರ್ಧ ನಿಮಿಷಕ್ಕಿಂತ ಹೆಚ್ಚು ಮುಂದುವರಿಸಬಾರದು, 450 ವೋಲ್ಟಿನ ಫಿಲ್ಟರುಗಳು ಮಿತಿಯ ಅಂಚಿನಲ್ಲಿರುತ್ತವೆ.

ಸೋರಿಕೆ ಎಷ್ಟೆಂದು ಲೆಕ್ಕ ಹಾಕಿದೆ. 220 ಕಿಲೊಓಮಿನ ಮೇಲೆ 14 ವೋಲ್ಟ್ ಬೀಳಬೇಕಾದರೆ ಸುಮಾರು 64 ಮೈಕ್ರೊಆಂಪಿಯರ್ ಹರಿಯಬೇಕು. ಹಿಂದಿನ ಪ್ಲೇಟಿನಲ್ಲಿ 160 ವೋಲ್ಟ್ ಇದ್ದದ್ದರಿಂದ, ಆ ಕೆಪಾಸಿಟರ್ ಬಿಸಿಯಾದಾಗ 2.3 ಮೆಗಾಓಮಿನ ರೆಸಿಸ್ಟರಿನಂತೆ ವರ್ತಿಸುತ್ತಿತ್ತು. ಇಷ್ಟು ಕಿರಿದಾದ ಸೋರಿಕೆ ಇಷ್ಟೆಲ್ಲ ಹಾನಿ ಮಾಡಿತ್ತು.

ಖಚಿತಪಡಿಸಿಕೊಳ್ಳಲು, ಚಾರ್ಜ್ ಇಳಿಸಿ, ಆ ಕೆಪಾಸಿಟರಿನ ಗ್ರಿಡ್ ಕಡೆಯ ಕಾಲನ್ನು ಬೆಸುಗೆ ಬಿಡಿಸಿ ಮೇಲೆತ್ತಿ, ಆ ಕಾಲಿಗೂ ಚಾಸಿಗೂ ನಡುವೆ ಮೀಟರ್ ಕ್ಲಿಪ್ ಮಾಡಿ, ಮೇಜಿನ ಮೇಲೆಯೇ ಆಂಪ್ ಹಾಕಿದೆ. ತಣ್ಣಗಿದ್ದಾಗ ಮೀಟರ್ ಕೆಲವೇ ವೋಲ್ಟಿನಲ್ಲಿ ನಿಂತಿತು. ತಲೆಕೂದಲು ಒಣಗಿಸುವ ಡ್ರೈಯರನ್ನು ಒಂದು ಅಡಿ ದೂರದಿಂದ ಅದರ ಕಡೆಗೆ ಹಿಡಿದಾಗ ಅಂಕಿ ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗ ಏರಿ ನೂರು ದಾಟಿತು. ಡ್ರೈಯರ್ ಆರಿಸಿದಾಗ ಅದೇ ದಾರಿಯಲ್ಲಿ ಇಳಿಯಿತು. ಕೆಪಾಸಿಟರನ್ನು ಪೂರ್ತಿ ಬಿಡಿಸಿ ಮಲ್ಟಿಮೀಟರಿನಲ್ಲಿ ನೋಡಿದರೆ ಧಾರಣೆ 0.021 ಮೈಕ್ರೊಫ್ಯಾರಡ್, ಓಮ್ ಶ್ರೇಣಿಯಲ್ಲಿ ಪೂರ್ತಿ ಓಪನ್, ಅಂದರೆ ಏನೂ ಹರಿಯುತ್ತಿಲ್ಲ. ಮೀಟರಿನ ಪ್ರಕಾರ ಅದರಲ್ಲಿ ಯಾವ ದೋಷವೂ ಇಲ್ಲ. ಮಲ್ಟಿಮೀಟರ್ ಓಮ್ ಅಳೆಯುವುದು ಒಂದೆರಡು ವೋಲ್ಟಿನಲ್ಲಿ, ಕೆಪಾಸಿಟರ್ ದುಡಿಯಬೇಕಾದದ್ದು 160 ವೋಲ್ಟಿನ ಕೆಳಗೆ, ಅದೂ ಬಿಸಿಯಲ್ಲಿ. ಆದುದರಿಂದ ಕಪ್ಲಿಂಗ್ ಕೆಪಾಸಿಟರನ್ನು ಓಮ್ ಮೀಟರಿನಿಂದ ಪರೀಕ್ಷಿಸಿ ಸರಿಯಿದೆ ಎಂದು ಪಕ್ಕಕ್ಕಿಡುವುದು ತಪ್ಪು.

ರಿಪೇರಿ, ಮತ್ತು ಇದರ ನೆಂಟ ದೋಷಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 0.022 ಮೈಕ್ರೊಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರುಗಳನ್ನು ತಂದು ಎರಡೂ ಕಪ್ಲಿಂಗ್ ಜಾಗಗಳಲ್ಲಿ ಹಾಕಿದೆ, ಏಕೆಂದರೆ ಮೊದಲನೆಯದೂ ಅದೇ ಬಗೆಯ, ಅದೇ ವಯಸ್ಸಿನದಾಗಿತ್ತು. ಕ್ಯಾಥೋಡ್ ರೆಸಿಸ್ಟರಿಗೆ ಸಮಾಂತರವಾಗಿ ಇದ್ದ 25 ಮೈಕ್ರೊಫ್ಯಾರಡ್, 25 ವೋಲ್ಟಿನ ಎಲೆಕ್ಟ್ರೊಲಿಟಿಕ್ ಇಷ್ಟು ದಿನ 28 ವೋಲ್ಟ್ ಹೊತ್ತು ತಲೆಯಲ್ಲಿ ಉಬ್ಬಿಕೊಂಡಿತ್ತು. ಅದರ ಜಾಗಕ್ಕೆ 50 ವೋಲ್ಟಿನದು ಬಂತು.

ಇದೇ ಸೋರಿಕೆ ಮೊದಲ ಕಪ್ಲಿಂಗ್ ಕೆಪಾಸಿಟರಿನಲ್ಲಿ ಆದರೆ ಲಕ್ಷಣ ಬೇರೆಯಾಗಿರುತ್ತದೆ. ಆಗ ಡಿ.ಸಿ. ವಾಲ್ಯೂಮ್ ಗುಂಡಿಯ ಮೇಲೆ ಬರುತ್ತದೆ, ತಿರುಗಿಸಿದಾಗ ಕರಕರ ಸದ್ದು ಕೇಳಿಸುತ್ತದೆ. ಗುಂಡಿಗೆ ಕ್ಲೀನರ್ ಸಿಂಪಡಿಸಿಯೂ ಕರಕರ ಹೋಗದಿದ್ದರೆ ಗುಂಡಿ ಬದಲಿಸುವ ಮೊದಲು ಅದರ ತುದಿಗಳ ಡಿ.ಸಿ. ಅಳೆಯುವುದು ಒಳ್ಳೆಯದು.

ಔಟ್‌ಪುಟ್ ವಾಲ್ವ್ ಕೆಂಪಾಗುವ ಇತರ ಸಂದರ್ಭಗಳನ್ನೂ ಕ್ಯಾಥೋಡಿನ ಒಂದೇ ಅಳತೆ ವಿಂಗಡಿಸಿಕೊಡುತ್ತದೆ. ಪ್ಲೇಟ್ ಕೆಂಪಾಗಿದ್ದು ಕ್ಯಾಥೋಡ್ ವೋಲ್ಟೇಜ್ ಹೆಚ್ಚಾಗಿದ್ದರೆ ಗ್ರಿಡ್ಡನ್ನು ನೋಡಬೇಕು: ಕೆಪಾಸಿಟರ್, ವಾಲ್ವ್, ಅಥವಾ 220 ಕಿಲೊಓಮ್ ರೆಸಿಸ್ಟರಿನ ಬೆಸುಗೆ ಬಿಟ್ಟಿರುವುದು. ಪ್ಲೇಟ್ ಕೆಂಪಾಗಿದ್ದು ಕ್ಯಾಥೋಡ್ ಸೊನ್ನೆಯ ಹತ್ತಿರವಿದ್ದರೆ ಆ ಎಲೆಕ್ಟ್ರೊಲಿಟಿಕ್ ಶಾರ್ಟ್ ಆಗಿದೆ, ವಾಲ್ವಿಗೆ ಹಿಡಿತವೇ ಇಲ್ಲ. ಪ್ಲೇಟ್ ತಣ್ಣಗಿದ್ದು, ದನಿ ಕ್ಷೀಣವಾಗಿ ಒಡೆದು, ಕ್ಯಾಥೋಡ್ ಮಾತ್ರ ಎತ್ತರದಲ್ಲಿದ್ದರೆ 470 ಓಮ್ ರೆಸಿಸ್ಟರ್ ಸುಟ್ಟು ಅದರ ಬೆಲೆ ಏರಿದೆ.

ಅಳತೆ ಬರೆದಿಡುವಾಗ ಗೋಡೆಯ ಸಾಕೆಟ್ಟಿನ ವೋಲ್ಟೇಜನ್ನೂ ಪಕ್ಕದಲ್ಲಿ ಬರೆಯಬೇಕು. ನಮ್ಮಲ್ಲಿ ಹಗಲಿಗೂ ರಾತ್ರಿಗೂ ಅದು ಒಂದೇ ಇರುವುದಿಲ್ಲ; 230 ಇದ್ದದ್ದು 245 ಆದರೆ ಒಳಗಿನ 338 ವೋಲ್ಟ್ 360 ಆಗುತ್ತದೆ, ಇಲ್ಲದ ದೋಷವೊಂದು ಕಾಣಿಸಿಕೊಳ್ಳುತ್ತದೆ.

ಎಲ್ಲ ಜೋಡಿಸಿ, ತಂತಿಗಳನ್ನು ಹೊರಗೇ ಬಿಟ್ಟು, ಪೆಟ್ಟಿಗೆ ಮುಚ್ಚಿ, ಎರಡು ಗಂಟೆ ಬಿಡದೆ ನುಡಿಸಲು ಅಕ್ಕನ ಮಗನಿಗೆ ಹೇಳಿದೆ. ಗ್ರಿಡ್ 0.02 ವೋಲ್ಟ್ ದಾಟಲಿಲ್ಲ. ಕ್ಯಾಥೋಡ್ 19.4ರಲ್ಲೇ ನಿಂತಿತ್ತು, ಜೋರಾಗಿ ನುಡಿಸಿದಾಗಲೂ ಹೆಚ್ಚು ಅಲುಗಾಡಲಿಲ್ಲ. ಸರಾಸರಿಯಲ್ಲಿ ಸದಾ ಒಂದೇ ಪ್ರಮಾಣದ ವಿದ್ಯುತ್ ಎಳೆಯುವ ಈ ಬಗೆಯ ‘ಕ್ಲಾಸ್ ಎ’ ಹಂತದಲ್ಲಿ ಅದು ಹಾಗೆಯೇ ಇರಬೇಕು. ಮೊದಲು ಕಿತ್ತಿಟ್ಟಿದ್ದ ಹಳೆಯ 6ವಿ6ನ್ನು ಮತ್ತೆ ಹಾಕಿ ನೋಡಿದೆ, ಅದೂ 19.1 ತೋರಿಸಿತು. ಅದನ್ನೇ ಅಲ್ಲಿ ಉಳಿಸಿ ಹೊಸದನ್ನು ಡಬ್ಬಿಯಲ್ಲಿಟ್ಟೆ. ಪಿನ್ನುಗಳ ತಂತಿಗಳನ್ನು ಬಿಡಿಸಿದ ಮೇಲೆ, ಬಿಸಿಯಾಗಿದ್ದಾಗಿನ ಆರು ಅಳತೆಗಳನ್ನು ದಿನಾಂಕ ಮತ್ತು ಸಾಕೆಟ್ಟಿನ ವೋಲ್ಟೇಜಿನ ಸಮೇತ ಒಂದು ಚೀಟಿಯಲ್ಲಿ ಬರೆದು ಹಿಂದಿನ ಹಲಗೆಯ ಒಳಮೈಗೆ ಅಂಟಿಸಿ, ಆಂಪನ್ನು ಅವನ ಕೈಗೆ ಕೊಟ್ಟೆ.